ಯಂತ್ರ ಕೊಟ್ಟ ಮಾತು, ಅತ್ತಿಗೆ ತಂದ ನೀರು

ರಾಜ್ಯ ಗೆದ್ದವರ ಚರಿತ್ರೆಗೆ ಲೋಕದಲ್ಲಿ ಬರವಿಲ್ಲ. ನಮ್ಮತ್ತಿಗೆ ಗೆದ್ದದ್ದು ಒಂದು ನಲ್ಲಿಯನ್ನು; ಆ ಚರಿತ್ರೆಯನ್ನು ಮೈದುನನಾದ ನಾನೇ ಬರೆಯಬೇಕು.

ಅತ್ತಿಗೆ ನೀರು ಸರಬರಾಜು ಕಚೇರಿಯ ಗುಮಾಸ್ತೆ. ಜನರ ದೂರಿಗೆ ಉತ್ತರ ಬರೆದು, ಕೆಳಗೆ ತಮ್ಮ ಹೆಸರು ಹಾಕಿ ಕಳಿಸುವುದು ಅವರ ಕೆಲಸ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದರೆ ಮುಗಿಯಿತು. ಯಾವಾಗ ಎಂದು ಹೇಳುವ ಕೆಟ್ಟ ಚಾಳಿ ಆ ಕಚೇರಿಗೆ ಇರಲಿಲ್ಲ.

ಈಚೆಗೆ ಉತ್ತರ ಬರೆದುಕೊಡುವ ಎಐ ಬಂತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಲ್ಲಿ ಒಣಗಿ ಕಂಗಾಲಾಗಿದ್ದ ಹಿಂದಿನ ಬೀದಿಯ ಅಜ್ಜಿಗೆ ಅದು, ‘ನಾಳೆ ಬೆಳಿಗ್ಗೆ ಖಂಡಿತ ನೀರು ಬರುತ್ತದೆ’ ಎಂದು ಬರೆದುಬಿಟ್ಟಿತು. ಹಸಿದಿದ್ದ ಅತ್ತಿಗೆ ಓದದೆ ಗುಂಡಿ ಒತ್ತಿ ಊಟಕ್ಕೆ ಎದ್ದರು. ಅಜ್ಜಿ ಫೋನು ಮಾಡಿ ಹೆಸರು ಹಿಡಿದು ಹರಸಿದಾಗಲೇ ಸಂಗತಿ ಬಯಲಾದದ್ದು.

ಕಚೇರಿಯ ಇಂಜಿನಿಯರ್ ಹೌಹಾರಿದರು. “ಏನ್ ಮೇಡಂ, ನಮ್ಮ ಕಚೇರಿ ಮಾತು ಕೊಡೋದಾ! ಅದು ಯಂತ್ರ ಬರ್ದಿದ್ದು ಅಂತ ಇನ್ನೊಂದು ಮೆಸೇಜ್ ಹಾಕಿ.”

“ಕೆಳಗಿರೋದು ಯಂತ್ರದ ಹೆಸರಲ್ಲ ಸಾರ್, ನಂದು. ಓದದೇ ಕಳಿಸಿದ್ದು ನನ್ನ ತಪ್ಪು. ಅದಕ್ಕೆ ಅಜ್ಜಿ ಮುಂದೆ ಸುಳ್ಳುಗಾತಿ ಆಗ್ಲಾ?”

“ಹಾಗಾದ್ರೆ ನೀರೂ ನೀವೇ ತನ್ನಿ!”

“ಆಯ್ತು. ಪೈಪಿನವನನ್ನ ಕೊಡಿ, ರಸ್ತೆ ಅಗೆಯೋಕೆ ರುಜು ಹಾಕಿ.”

ದಂಡಯಾತ್ರೆ ಹೊರಟಿತು. ಮುಂದೆ ಗುದ್ದಲಿ ಹೊತ್ತ ಪೈಪಿನವನು, ನಡುವೆ ಕೊಡೆಯನ್ನು ಕತ್ತಿಯಂತೆ ಹಿಡಿದ ಅತ್ತಿಗೆ, ಹಿಂದೆ “ನಾನು ಸುಮ್ನೆ ನೋಡೋಕೆ ಬಂದೆ” ಎನ್ನುತ್ತ ಇಂಜಿನಿಯರ್. ಬೀದಿಯ ತಿರುವಿನಲ್ಲಿ ಅಗೆದರೆ, ಮರದ ಬೇರು ಪೈಪಿನೊಳಗೆ ಹೊಕ್ಕು ಸಂಸಾರ ಹೂಡಿತ್ತು.

“ನಾಳೆಗೆ ಆಗಲ್ಲ ಮೇಡಂ,” ಪೈಪಿನವನು ಕೈಚೆಲ್ಲಿದ.

“ಮಾತು ಕೊಟ್ಟಾಗಿದೆ ಕಣಪ್ಪಾ. ನೀನು ಬೇರು ಕಡಿ, ನಾನು ಮಣ್ಣು ಎಳೀತೀನಿ.”

ಅತ್ತಿಗೆ ಮಣ್ಣಿಗೆ ಕೈ ಹಾಕಿದ ಮೇಲೆ ಇಂಜಿನಿಯರ್ ನಿಂತು ನೋಡುವುದು ಹೇಗೆ? ಅವರ ಅಂಗಿಯ ಇಸ್ತ್ರಿಯೂ ಹೋಯಿತು. ಕತ್ತಲಾಗುವ ಮುಂಚೆ ಹೊಸ ಪೈಪು ಕೂತಿತು. ಬೆಳಿಗ್ಗೆ ಅಜ್ಜಿಯ ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಕೆಸರು ಉಗುಳಿತು, ಕೊನೆಗೆ ತಿಳಿನೀರು ಸುರಿಯಿತು. ಬೀದಿಗೆ ಬೀದಿಯೇ ಬಿಂದಿಗೆ ಹಿಡಿದು ಅತ್ತಿಗೆಯ ಹೆಸರು ಹೇಳಿತು. ನಾನಂತೂ ಸಿಕ್ಕಸಿಕ್ಕವರಿಗೆಲ್ಲ, “ನಮ್ಮತ್ತಿಗೆ!” ಎಂದೆ.

“ಆ ಎಐ ಸಹವಾಸವೇ ಬೇಡ, ತೆಗೆಸಿಬಿಡೋಣ,” ಎಂದರು ಇಂಜಿನಿಯರ್.

“ಅದು ಬರೀಲಿ ಬಿಡಿ, ನನ್ನ ಕೈಗೂ ಆರಾಮು. ಇನ್ಮೇಲೆ ಪ್ರತಿಯೊಂದನ್ನೂ ಓದಿ, ನಿಮ್ಮನ್ನ ಕೇಳಿ ಕಳಿಸ್ತೀನಿ. ಇಲ್ನೋಡಿ, ಶಾಲೆ ಹತ್ರ ಪೈಪು ಸೋರ್ತಿದೆಯಂತೆ. ಯಾವಾಗ ಸರಿಹೋಗುತ್ತೆ ಅಂತ ಬರೀಲಿ?”

ಇಂಜಿನಿಯರ್ ಸೂರು ನೋಡಿದರು, ನೆಲ ನೋಡಿದರು.

“ಗುರುವಾರ,” ಎಂದರು. ಆ ಕಚೇರಿ ತನ್ನ ಸ್ವಂತ ಬಾಯಿಂದ ಕೊಟ್ಟ ಮೊದಲ ಮಾತು ಅದು.