ಜಯಶೀಲಾ ಮೇಡಂ ಕಾರು ಮತ್ತು ಬೋರಣ್ಣನ ಮನೆಯ ಅರ್ಥಿಂಗ್

ನಮ್ಮಪ್ಪನಿಗೆ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದಾಗಿನಿಂದ ವಾರಕ್ಕೆ ಮೂರು ದಿನ ಹನುಮಂತನಗರದ ನಮ್ಮ ಮನೆಗೆ ಬರುವವರು ಜಯಶೀಲಾ. ಫಿಸಿಯೋಥೆರಪಿಸ್ಟ್. ವಯಸ್ಸು ನಲವತ್ತೇಳು. ಆಸ್ಪತ್ರೆ ಕೆಲಸ ಬಿಟ್ಟು ಮನೆಮನೆಗೆ ಹೋಗಿ ಚಿಕಿತ್ಸೆ ಕೊಡಲು ಶುರುಮಾಡಿ ಒಂಬತ್ತು ವರ್ಷವಾಯಿತಂತೆ. ಜಯನಗರದಲ್ಲಿ ಒಬ್ಬರಿಗೆ ಸೊಂಟ, ಜೆ.ಪಿ. ನಗರದಲ್ಲಿ ಇಬ್ಬರಿಗೆ ಮಂಡಿ, ನಮ್ಮಲ್ಲಿ ಅಪ್ಪನ ಕೈ. ಎಲ್ಲ ಕಡೆಗೂ ಸ್ಕೂಟರಿನಲ್ಲೇ ಸುತ್ತುತ್ತಿದ್ದರು. ಎರಡು ವರ್ಷದ ಹಿಂದೆ ಸಾರಕ್ಕಿ ಹತ್ತಿರ ಗಾಡಿ ಜಾರಿ ಅವರ ಎಡ ಮಂಡಿಗೇ ಪೆಟ್ಟಾಯಿತು. ಮೂರು ತಿಂಗಳು ಕುಂಟಿದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಗೊಂಡರು. ಬಿಳಿ ಬಣ್ಣದ್ದು, ಹಿಂದಿನ ಬಾಗಿಲ ಮೇಲೆ ಯಾರೋ ಗೀಚಿದ ಉದ್ದ ಗೆರೆ ಇರುವಂಥದ್ದು. ಕ್ಲಚ್ ಇಲ್ಲ, ಎಡಗಾಲಿಗೆ ಪೂರ್ತಿ ರಜಾ.

ಕಾರೇನೋ ಬಂತು. ಚಾರ್ಜ್ ಹಾಕುವುದೆಲ್ಲಿ?

ಅವರು, ಗಂಡ ನಂದಕುಮಾರ್, ಮಗಳು ಅರ್ಪಿತ ಇಟ್ಟಮಡುವಿನಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದಾರೆ. ಕೆಳಗೆ ಓನರ್ ಬೋರಣ್ಣ ಮತ್ತವರ ಹೆಂಡತಿ ಮಂಗಮ್ಮ. ಬೋರಣ್ಣ ಮೂಲ ಕೋಣನಕುಂಟೆಯವರು. ಅಲ್ಲಿ ಸೊಪ್ಪು, ಹುರುಳಿಕಾಯಿ ಬೆಳೆಯುತ್ತಿದ್ದವರು, ಜಮೀನು ಲೇಔಟ್ ಆದ ಮೇಲೆ ಇಲ್ಲಿ ಮನೆ ಕಟ್ಟಿಸಿಕೊಂಡು ಬಂದರು. ಒಳ್ಳೆಯ ಮನುಷ್ಯ. ನಲ್ಲಿ ನೀರು ನಿಂತರೆ ಯಾರೂ ಕೇಳುವ ಮೊದಲೇ ಟ್ಯಾಂಕರ್ ಕರೆಸುವವರು. ಆದರೆ ಚಾರ್ಜಿಂಗ್ ಅಂದ ತಕ್ಷಣ ಮುಖ ಗಂಟಿಕ್ಕಿತು.

"ಅದೊಂದು ಕೇಳ್ಬೇಡಮ್ಮ. ಬೇರೆ ಏನಾದ್ರೂ ಕೇಳು."

"ಬೇರೆ ಮೀಟರ್ ಹಾಕಿಸ್ಕೋತೀನಿ ಅಣ್ಣ. ಖರ್ಚೆಲ್ಲ ನಂದೇ."

"ಮೀಟರ್ ಮಾತಲ್ಲ. ನನ್ ಮನೇಲಿ ಬೇಡ ಅಂದ್ರೆ ಬೇಡ."

ಯಾಕೆ ಅಂತ ಹೇಳಲಿಲ್ಲ. ನಂದಕುಮಾರ್ ಮನೆ ಬದಲಾಯಿಸೋಣ ಅಂದರು. ಅರ್ಪಿತಳ ಪಿಯುಸಿ ಮುಗಿಯುವವರೆಗೆ ಬೇಡ ಅಂದರು ಜಯಶೀಲಾ.

ಅಲ್ಲಿಂದ ಶುರುವಾಯಿತು ಅವರ ಅಲೆದಾಟ. ಬನಶಂಕರಿಯಲ್ಲಿ ಒಂದು ಚಾರ್ಜಿಂಗ್ ಪಾಯಿಂಟ್ ಇತ್ತು. ಹೋದರೆ ಮುಂದೆ ಇಬ್ಬರು ಕಾಯುತ್ತಿರುತ್ತಿದ್ದರು, ಇಲ್ಲವೇ ಚಾರ್ಜ್ ಹಾಕುವ ಜಾಗದಲ್ಲೇ ಯಾರದೋ ಪೆಟ್ರೋಲ್ ಕಾರು ನಿಲ್ಲಿಸಿ ದರ್ಶಿನಿ ಹೋಟೆಲಿಗೆ ತಿಂಡಿಗೆ ಹೋಗಿರುತ್ತಿದ್ದರು. ಆ್ಯಪ್ ತೆರೆದರೆ 'ಲಭ್ಯವಿದೆ' ಅನ್ನುತ್ತಿತ್ತು, ಯಂತ್ರದ ಪರದೆ ಕಪ್ಪಗಿರುತ್ತಿತ್ತು. ವಾರಕ್ಕೆ ಐದಾರು ಗಂಟೆ ಕಾರಿನೊಳಗೇ ಕೂತು ಪೇಷಂಟ್‌ಗಳ ಫೈಲ್ ಬರೆಯುವುದು, ಅಲ್ಲೇ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುವುದು ಅಭ್ಯಾಸವಾಗಿಬಿಟ್ಟಿತು.

ಒಂದು ದಿನ ನಮ್ಮನೆಗೆ ಬಂದವರು ಬಾಗಿಲಲ್ಲೇ ನಿಂತು, "ಒಂಬತ್ತು ಪರ್ಸೆಂಟ್ ಇದೆ. ಒಂದು ದೊಡ್ಡ ಪ್ಲಗ್ ಪಾಯಿಂಟ್ ಕೊಡ್ತೀರಾ?" ಅಂತ ಸಂಕೋಚದಿಂದ ಕೇಳಿದರು. ಗೀಸರಿನ ಪ್ಲಗ್ಗಿನಿಂದ ಬಚ್ಚಲಮನೆ ಕಿಟಕಿಯಲ್ಲಿ ವೈರ್ ಎಳೆದೆವು. ಮುಕ್ಕಾಲು ಗಂಟೆ ಅಪ್ಪನ ಬೆರಳು ಒಂದೊಂದಾಗಿ ಬಿಡಿಸಿ ಮಡಚುವಷ್ಟರಲ್ಲಿ ಒಂಬತ್ತು ಹದಿನಾರಾಗಿತ್ತು. ಅಪ್ಪ ತೊದಲುತ್ತಾ, "ನನಗಿಂತ ಅದಕ್ಕೇ ಬೇಗ ಗುಣ ಆಯ್ತಲ್ಲಮ್ಮ" ಅಂದರು. ಕಾಯಿಲೆ ಬಿದ್ದ ಮೇಲೆ ಅಪ್ಪ ಮಾಡಿದ ಮೊದಲ ತಮಾಷೆ ಅದು.

ಈ ಫೆಬ್ರವರಿಯಲ್ಲಿ ಒಂದು ಭಾನುವಾರ ಜಯಶೀಲಾ ತಡೆಯಲಾರದೆ ಒಂದು ಕೆಲಸ ಮಾಡಿದರು. ಮರುದಿನ ಬೆಳಿಗ್ಗೆ ಏಳಕ್ಕೇ ಜೆ.ಪಿ. ನಗರದಲ್ಲಿ ಮಂಡಿ ಆಪರೇಷನ್ ಆದವರಿಗೆ ಮೊದಲ ಸಲ ನಡೆಸಬೇಕಿತ್ತು. ಬ್ಯಾಟರಿಯಲ್ಲಿ ಏನೂ ಉಳಿದಿರಲಿಲ್ಲ. ಬನಶಂಕರಿಯ ಯಂತ್ರ ಕೆಟ್ಟಿತ್ತು. ಮಧ್ಯಾಹ್ನ ಬೋರಣ್ಣ ಊಟ ಮಾಡಿ ಮಲಗಿದ ಹೊತ್ತು ನೋಡಿ, ಕೆಳಗೆ ನೀರಿನ ಮೋಟರಿನ ಪ್ಲಗ್ ತೆಗೆದು ತಮ್ಮ ಚಾರ್ಜರ್ ಸಿಕ್ಕಿಸಿದರು. ಕೆಂಪು ದೀಪ ಹತ್ತಿತು. ತೆಗೆದು ಮತ್ತೆ ಹಾಕಿದರು. ಮತ್ತೆ ಕೆಂಪು.

"ಏನ್ ಮಾಡ್ತಾ ಇದೀಯಮ್ಮ ಅಲ್ಲಿ?"

ಬೋರಣ್ಣ ಬನಿಯನ್ನಿನಲ್ಲಿ ನಿಂತಿದ್ದರು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಬೈದರು. ನಂಬಿಕೆ ಇಟ್ಟು ಮನೆ ಕೊಟ್ಟರೆ ಕದ್ದು ಕರೆಂಟ್ ತಗೋತೀಯಾ ಅಂದರು. ತಪ್ಪು ತಮ್ಮದೇ ಆದ್ದರಿಂದ ಜಯಶೀಲಾ ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ ಮೆಲ್ಲಗೆ, "ತಪ್ಪಾಯ್ತು ಅಣ್ಣ. ಆದ್ರೆ ಒಂದು ಹನಿ ಕರೆಂಟೂ ತಗೊಂಡಿಲ್ಲ. ಅರ್ಥಿಂಗ್ ಸರಿಯಿಲ್ಲ ಅಂದ್ರೆ ಇದು ಚಾರ್ಜೇ ಆಗಲ್ಲ. ಕೆಂಪು ತೋರಿಸ್ತಾ ಇದೆ ನೋಡಿ" ಅಂದರು.

"ಏನ್ ಸರಿಯಿಲ್ಲ?"

"ಅರ್ಥಿಂಗ್. ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ತಂತಿ. ನಿಮ್ಮ ಮನೆಗೇ ಅದು ಇಲ್ಲ ಅನ್ಸುತ್ತೆ."

ಬೋರಣ್ಣ ಬಗ್ಗಿ ಆ ಕೆಂಪು ದೀಪ ನೋಡಿದರು. ಬಾಗಿಲಲ್ಲಿದ್ದ ಮಂಗಮ್ಮ ಸಿಡುಕಿದರು: "ವಾಷಿಂಗ್ ಮೆಷಿನ್ ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂತ ವರ್ಷದಿಂದ ಬಡ್ಕೋತಾ ಇದೀನಿ. ಚಪ್ಪಲಿ ಹಾಕ್ಕೋ ಅಂದ್ರಲ್ಲ ನೀವು!"

ಬೋರಣ್ಣ ಮೆಟ್ಟಿಲ ಮೇಲೆ ಕೂತರು. ತಾವಾಗಿಯೇ ಹೇಳಿದರು. ಕೋಣನಕುಂಟೆ ತೋಟದಲ್ಲಿ ಒಂದು ಪಂಪ್‌ಹೌಸ್ ಇತ್ತು. ಅವರ ತಮ್ಮ ಚಿಕ್ಕಬೈರಪ್ಪ, ಇಪ್ಪತ್ತೆರಡು ವರ್ಷದವನು, ಬೆಳಿಗ್ಗೆ ಸೊಪ್ಪಿಗೆ ನೀರು ಬಿಡಲು ಹೋಗಿ ಒದ್ದೆ ಕೈಯಲ್ಲಿ ಮೋಟರ್ ಮುಟ್ಟಿ ಅಲ್ಲೇ ಪ್ರಾಣ ಬಿಟ್ಟ. ಅರ್ಥಿಂಗ್ ತಂತಿ ಎಂದೋ ತುಂಡಾಗಿತ್ತು. ಹಿಂದಿನ ದಿನ ಬೋರಣ್ಣನಿಗೂ ಅದೇ ಮೋಟರ್ ಜುಮ್ ಅಂದಿತ್ತು. ನಾಳೆ ನೋಡಿದರಾಯಿತು ಅಂದುಕೊಂಡಿದ್ದರು.

"ಅದಕ್ಕೇ ಬೇಡ ಅಂದೆ ಕಣಮ್ಮ. ಅಷ್ಟು ದಪ್ಪ ವೈರ್ ನೋಡಿದ್ರೆ ನಂಗೆ ಕೈಕಾಲು ಆಡಲ್ಲ."

ಜಯಶೀಲಾ ಅವರ ಪಕ್ಕದಲ್ಲೇ ಕೂತರು. ಮಂಗಮ್ಮ ಒಳಗೆ ಹೋಗಿ ಮೇನ್ ಸ್ವಿಚ್ ಆಫ್ ಮಾಡಿ ಬಂದರು.

ಮಾರನೇ ದಿನ ಜಯಶೀಲಾ ಆಟೋದಲ್ಲಿ ಜೆ.ಪಿ. ನಗರಕ್ಕೆ ಹೋದರು, ಇತ್ತ ಎಲೆಕ್ಟ್ರಿಷಿಯನ್ ಮುನಿಯಣ್ಣ ಬಂದು ನೋಡಿದ. ಮನೆ ಕಟ್ಟಿದಾಗ ಹಾಕಿದ್ದ ಅರ್ಥಿಂಗ್ ತಂತಿ ಮಣ್ಣಿನೊಳಗೆ ತುಕ್ಕು ಹಿಡಿದು ಪುಡಿಯಾಗಿತ್ತು. ಮೂರು ಮಹಡಿ, ನಾಲ್ಕು ಗೀಸರ್, ಯಾವುದಕ್ಕೂ ರಕ್ಷಣೆ ಇರಲಿಲ್ಲ. ಹೊಸ ಅರ್ಥಿಂಗ್‌ಗೆ ಗುಂಡಿ ತೋಡಲು ಆಳು ಕರೆಸುತ್ತೇನೆ ಅಂದಾಗ ಬೋರಣ್ಣ ಬೇಡ ಅಂದರು. ಅರವತ್ತೈದರ ವಯಸ್ಸಿನಲ್ಲಿ ಲುಂಗಿ ಎತ್ತಿ ಕಟ್ಟಿ ಹಾರೆ ಹಿಡಿದರು. ಎರಡು ದಿನ ಅಗೆದರು. ಪೈಪ್ ಇಳಿಸಿ, ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ತಾವೇ ತುಂಬಿದರು. ಮೂರನೇ ದಿನ ಸೊಂಟ ಹಿಡಿದುಕೊಂಡಿತು. ಅದನ್ನು ನೀವಿ ಸರಿಮಾಡಿದವರು ಜಯಶೀಲಾ.

ಬೋರಣ್ಣ ಒಪ್ಪಿದ ಮೇಲೂ ಬೇರೆ ಮೀಟರ್ ಬರಲು ಒಂದು ತಿಂಗಳು ಹಿಡಿಯಿತು. ಈಗ ಕಾರು ಮನೆಯಲ್ಲೇ ಚಾರ್ಜ್ ಆಗುತ್ತದೆ. ಆದರೆ ಬೋರಣ್ಣನ ಕಾನೂನು ಕಟ್ಟುನಿಟ್ಟು. ಪ್ಲಗ್ ಹಾಕುವಾಗ ಅವರು ಪಕ್ಕದಲ್ಲಿರಬೇಕು, ಗುಡುಗು ಬಂದರೆ ತೆಗೆಯಬೇಕು. ಏಪ್ರಿಲ್‌ನಲ್ಲಿ ಒಮ್ಮೆ ಅವರು ಹಾಗೆ ತೆಗೆಸಿದ್ದರಿಂದ ಜಯಶೀಲಾ ಬಸ್ಸಿನಲ್ಲಿ ನಮ್ಮನೆಗೆ ತಡವಾಗಿ ಬಂದರು. ಸಿಟ್ಟು ಬಂದಿತ್ತು, ಮುಚ್ಚಿಡಲಿಲ್ಲ. "ಏನ್ ಮಾಡೋದು, ಅವರ ಜೊತೆ ವಾದ ಮಾಡೋಕೆ ಮನಸ್ಸು ಬರಲ್ಲ" ಅಂದರು.

ಕಳೆದ ತಿಂಗಳು ಕೋಣನಕುಂಟೆಯಲ್ಲಿ ಬೋರಣ್ಣನ ನೆಂಟರ ಮನೆಯಲ್ಲಿ ನಾಮಕರಣ. ಆಟೋ ಸಿಗಲಿಲ್ಲ. ಜಯಶೀಲಾ ಅವರನ್ನೂ ಮಂಗಮ್ಮನನ್ನೂ ಕಾರಿಗೆ ಹತ್ತಿಸಿಕೊಂಡರು. ಬೋರಣ್ಣ ಮುಂದೆ ಕೂತು ಬಾಗಿಲ ಹಿಡಿ ಬಿಗಿಯಾಗಿ ಹಿಡಿದುಕೊಂಡಿದ್ದರು. "ಯಾವಾಗ ಸ್ಟಾರ್ಟ್ ಮಾಡ್ತೀಯಾ?" ಅಂತ ಕೇಳುವಷ್ಟರಲ್ಲಿ ಸದ್ದಿಲ್ಲದ ಕಾರು ಬೀದಿ ತಿರುವು ದಾಟಿತ್ತು. ಕೋಣನಕುಂಟೆಯಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಮುಂದೆ ನಿಲ್ಲಿಸು ಅಂದರು. ಅವರ ತೋಟ ಇದ್ದ ಜಾಗ.

"ಇಲ್ಲೂ ಚಾರ್ಜ್ ಹಾಕೋ ಕಾರು ಇರ್ತವಲ್ವಾ?"

"ಇರ್ತವೆ ಅಣ್ಣ."

ಬೋರಣ್ಣ ಇಳಿದು ನೇರ ಗೇಟಿಗೆ ಹೋದರು. ಸೆಕ್ಯೂರಿಟಿಯವನನ್ನು ಕರೆದು ಈ ಬಿಲ್ಡಿಂಗಿನ ಅರ್ಥಿಂಗ್ ಯಾವಾಗ ಚೆಕ್ ಮಾಡಿಸಿದ್ದು ಅಂತ ವಿಚಾರಿಸಿದರು. ಅವನಿಗೆ ಅರ್ಥವಾಗಲಿಲ್ಲ. ಇವರು ಬಿಡಲಿಲ್ಲ. ಇಂಟರ್‌ಕಾಮ್‌ನಲ್ಲಿ ಸೆಕ್ರೆಟರಿಯನ್ನು ಕರೆಸಿ ಗೇಟಿನಲ್ಲೇ ಇಪ್ಪತ್ತು ನಿಮಿಷ ಮಾತಾಡಿದರು. ಆ ಹೆಂಗಸು ಮೊದಲು ಬೇಸರದಲ್ಲೇ ನಿಂತಿದ್ದವರು, ಆಮೇಲೆ ಮೊಬೈಲ್ ತೆಗೆದು ಏನೋ ಬರೆದುಕೊಂಡರು. ಹಿಂದಿನ ಸೀಟಿನಲ್ಲಿ ಮಂಗಮ್ಮ ಉಡುಗೊರೆಯ ಬೆಳ್ಳಿ ಲೋಟ ಮಡಿಲಲ್ಲಿಟ್ಟುಕೊಂಡು, "ಮಗುಗೆ ಹೆಸರಿಟ್ಟು ಊಟಕ್ಕೂ ಕೂತಿರ್ತಾರೆ, ಕೂಗಮ್ಮ ಅವರನ್ನ" ಅಂದರು.

ಜಯಶೀಲಾ ಹಾರ್ನ್ ಮಾಡಲಿಲ್ಲ. ಬೋರಣ್ಣ ಮಾತು ಮುಗಿಸಿ ಬರುವವರೆಗೂ ಕಾದರು.