ಒಂದೇ ಸಲ ಕೇಳಿದ ಕರೆ

ಪಿಶಾಚಿ, ಶಕುನ ಅಂತೆಲ್ಲ ಯಾರಾದರೂ ಮಾತು ತೆಗೆದರೆ ಮೊದಲು ನಗುವವನು ನಾನೇ ಆಗಿದ್ದೆ. "ನೀ ಕಂಡಿದ್ಯಾ, ಇಲ್ಲ ಕಂಡವ್ರ್ ಹೇಳದ್ದ್ ಕೇಂಡಿದ್ಯಾ?" ಎಂದು ಅಡ್ಡಬಾಯಿ ಹಾಕಿ ಮಾತು ಕೆಡಿಸುತ್ತಿದ್ದೆ. ಈಗ ಯಾರನ್ನೂ ಹಾಗೆ ಕೇಳುವುದಿಲ್ಲ. ನಂಬಿಕೆ ಬಂತೋ ಇಲ್ಲವೋ ನನಗೇ ಗೊತ್ತಿಲ್ಲ. ಕೇಳುವ ಧೈರ್ಯವಂತೂ ಹೋಗಿದೆ.

ಎರಡು ಸಾವಿರದ ಆರೋ ಏಳೋ ಇಸವಿ. ಕುಂದಾಪುರದ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ತ್ರಾಸಿಯಲ್ಲಿ, ಹೆದ್ದಾರಿಗೆ ತಾಗಿಕೊಂಡ ಒಂದು ಮಹಡಿ ಕೋಣೆಯಲ್ಲಿ ಒಬ್ಬನೇ ಇದ್ದೆ. ಅಮ್ಮ ಬ್ರಹ್ಮಾವರದಲ್ಲಿ ಅಣ್ಣನ ಮನೆಯಲ್ಲಿ. ನನಗೆ ಮದುವೆ ಆಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಅಂಗಡಿಯಿಂದ ಬಂದ ಮೇಲೆ ಮಾತಿಗೊಂದು ಜನ ಎಂದರೆ ಶಂಕರ. ತನ್ನ ಅಣ್ಣನ ಜೊತೆ ನಾಡದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದವನು. ರಸ್ತೆಯಲ್ಲಿ ನಿಂತು "ಹ್ವಾಯ್" ಎಂದು ಕೂಗಿ ಮೇಲೆ ಹತ್ತಿ ಬರುತ್ತಿದ್ದ.

ನನಗೊಂದು ಹುಚ್ಚಿತ್ತು. ಕಂಪ್ಯೂಟರಿನ ಒಳಗೆ ಎಲ್ಲವನ್ನೂ ನಡೆಸುವ ಯಜಮಾನ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ಊರೂರಿನ ಜನ ಸೇರಿ, ಸಂಬಳವಿಲ್ಲದೆ ಬರೆಯುವ ಕರ್ನಲ್ ಒಂದುಂಟು. ಹೊರಗಿನ ಯಂತ್ರ ಏನಾದರೂ ಹೇಳಬೇಕಾದರೆ ಕರ್ನಲ್ಲನ್ನು ಕರೆಯುತ್ತದೆ. ಆ ಕರೆಗೆ ಓಗೊಡುವ ತುಂಡು ಬರಹಕ್ಕೆ ಡ್ರೈವರ್ ಎಂದು ಹೆಸರು. ಹೇಗೆ ಕರೆಯಬೇಕು, ಹೇಗೆ ಓಗೊಡಬೇಕು ಎಂಬುದಕ್ಕೆ ಕಟ್ಟಳೆಗಳಿವೆ. ಯಾರೋ ಆ ಕಟ್ಟಳೆ ಬದಲಾಯಿಸಿ ಬರೆದು ಕಳಿಸಿದರೆ, ಬೇರೆಯವರು ಸಾಲು ಸಾಲು ಓದಿ ಸರಿ ತಪ್ಪು ಹೇಳಬೇಕು. ಕಂಪ್ಯೂಟರಿಗೆ ಸಿಕ್ಕಿಸುವ, ಗುಜರಿಯಲ್ಲಿ ಸಿಕ್ಕಿದ ಒಂದು ಹಳೇ ಕಾರ್ಡು ನನ್ನ ಹತ್ತಿರ ಇದ್ದುದರಿಂದ ಅದರ ಡ್ರೈವರ್ ಓದಿ ನೋಡುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು.

"ಸಂಬ್ಳ ಇಲ್ದೆ ಕಾಣದ್ದವ್ರ ತಪ್ಪ್ ಹುಡುಕುದಾ? ನಿಂಗೆ ಬೇರೆ ಕೆಲ್ಸ ಇಲ್ಯಾ ಮಾರಾಯಾ!" ಎಂದು ಶಂಕರ ತಮಾಷೆ ಮಾಡುತ್ತಿದ್ದ. ನಿಜ ಹೇಳಬೇಕೆಂದರೆ, ಆ ಕಾಣದ ಜನರಿಂದ ಬರುವ ಎರಡು ಸಾಲಿನ ಮೇಲ್‌ಗಾಗಿ ನಾನು ಹಸಿದು ಕೂತಿರುತ್ತಿದ್ದೆ. ಅವರಿಗೆ ನನ್ನ ಹೆಸರಾದರೂ ಗೊತ್ತಿತ್ತಲ್ಲ.

ಅದೊಂದು ಭಾನುವಾರ. ಮಳೆಗಾಲ ಮುಗಿದಿತ್ತು, ಕಡಲು ಮಾತ್ರ ಇನ್ನೂ ಪೂರ್ತಿ ಇಳಿದಿರಲಿಲ್ಲ. ಮಧ್ಯಾಹ್ನದಿಂದ ಒಂದೇ ಬದಲಾವಣೆಯನ್ನು ಓದುತ್ತಾ ಕೂತಿದ್ದೆ. ಹಳೇ ಕಟ್ಟಳೆಯಲ್ಲಿ ಯಂತ್ರ ಒಮ್ಮೆ ಕರೆದರೂ ಡ್ರೈವರ್ ಏಳಬೇಕಿತ್ತು. ತಂತಿಯಲ್ಲಿ ಸುಮ್ಮನೆ ಹುಟ್ಟುವ ಗದ್ದಲಕ್ಕೂ ಎದ್ದು ಎದ್ದು ಅದಕ್ಕೆ ಸುಸ್ತು. ಹೊಸ ಕಟ್ಟಳೆ ಹೀಗೆ: ಒಂದೇ ಸಲ ಕರೆ ಬಂದರೆ ಅದನ್ನು ಗದ್ದಲವೆಂದು ಬಿಟ್ಟುಬಿಡು. ನಿಜವಾದ ಕರೆಯಾದರೆ ಇನ್ನೊಂದು ಸಲ ಬಂದೇ ಬರುತ್ತದೆ. ಕಾರ್ಡು ಹಾಕಿ ಪರೀಕ್ಷಿಸಿದೆ. ಚೊಕ್ಕ ಕೆಲಸ. ಮನಸ್ಸಿಗೆ ಹಿಡಿಸಿತು.

ಮೂರ್ಸಂಜೆಯಾಗಿತ್ತು. "ಸರಿಯಿದೆ, ಸೇರಿಸಬಹುದು" ಎಂದು ಮೇಲ್ ಬರೆಯುತ್ತಿದ್ದೆ. ಆಗ ಯಾರೋ ನನ್ನ ಹೆಸರು ಹಿಡಿದು ಕರೆದರು. ಶಂಕರನ ದನಿ. ಅನುಮಾನವೇ ಇಲ್ಲ. ಆದರೆ ಮುಂಚೆ "ಹ್ವಾಯ್" ಇರಲಿಲ್ಲ. ದನಿ ಬಂದದ್ದೂ ರಸ್ತೆಯಿಂದಲ್ಲ, ಕೋಣೆಯೊಳಗೆ ನನ್ನ ಬೆನ್ನ ಹಿಂದಿನಿಂದ.

"ಓ" ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ನಮ್ಮ ಕಡೆ ಮೂರ್ಸಂಜೆಗೆ ಒಂದೇ ಸಲ ಕರೆದರೆ ಓಗೊಡುವ ಕ್ರಮವಿಲ್ಲ. "ಮನ್ಷರಾದ್ರೆ ಮತ್ತೊಂದ್ ಸಲ ಕರಿತ್ರ್" ಎಂದು ಅಮ್ಮ ಹೇಳಿ ಹೇಳಿ ಬೆಳೆಸಿದ್ದಳು. ಅಮ್ಮನ ಈ ಮಾತಿಗೆ ನಾನು ನಕ್ಕದ್ದೆಷ್ಟೋ. ಅವತ್ತು ಏಕೆ ಪಾಲಿಸಿದೆ? ಮಧ್ಯಾಹ್ನವೆಲ್ಲ ಓದಿದ ಬದಲಾವಣೆಯೂ ಅದನ್ನೇ ಹೇಳುತ್ತಿತ್ತು, ತಲೆಯಲ್ಲಿ ಅದೇ ಕೂತಿತ್ತು ಅಂತ ಕಾಣುತ್ತದೆ. ಎರಡನೇ ಕರೆಗೆ ಕಾದೆ. ಬರಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದೆ. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ರಸ್ತೆಯಾಚೆ ಕಡಲ ದಡದಲ್ಲಿ ಎಂಜಿನ್ ದೋಣಿಗಳು ನಿಂತಿದ್ದವು, ನಾಲ್ಕೈದು ಜನ ಬಲೆ ಹೆಣೆಯುತ್ತಾ ಕೂತಿದ್ದರು. ಒಳಗೆ ಬಂದು ಮೇಲ್ ಕಳಿಸಿದೆ. ಗಡಿಯಾರ ನೋಡಿದ್ದು ನೆನಪಿದೆ, ಆರೂ ನಲವತ್ತು.

ಎಂಟು ಗಂಟೆ ಹೊತ್ತಿಗೆ ಕೆಳಗಿನ ಹೋಟೆಲಿನವರು ಹೇಳಿದರು. ಶಂಕರನ ದೋಣಿ ಮಗುಚಿತ್ತು. ಗಂಗೊಳ್ಳಿ ಕಡೆಯ ದೋಣಿಯೊಂದು ಅಕಸ್ಮಾತ್ ಕಂಡು ಅವನನ್ನು ಎತ್ತಿಕೊಂಡು ಬಂದಿತ್ತು. ಅವನ ಅಣ್ಣ ಸಿಕ್ಕಿರಲಿಲ್ಲ. ಮೂರನೇ ದಿನ ಮರವಂತೆಯ ಕಲ್ಲುಗಳ ಹತ್ತಿರ ಹೆಣ ಬಂತು.

ಆಸ್ಪತ್ರೆಯಲ್ಲಿ ಶಂಕರ ಗೋಡೆ ನೋಡಿಕೊಂಡು ಮಲಗಿದ್ದ. ಅವನೇ ಹೇಳಿದ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ದೋಣಿ ಮಗುಚಿತಂತೆ. ಇಬ್ಬರೂ ಬೋರಲು ಬಿದ್ದ ದೋಣಿಯನ್ನು ಹಿಡಿದುಕೊಂಡಿದ್ದರಂತೆ.

"ದೂರದಗೆ ನಿನ್ ಕಿಟ್ಕಿ ಬೆಳ್ಕ್ ಕಂಡ್ತ್. ನಿನ್ ಹೆಸ್ರ್ ಹಿಡ್ದ್ ಕೂಗ್ದೆ. ಒಂದೇ ಸಲ. ಮತ್ತ್ ಬಾಯಿಗೆ ನೀರ್ ಹೊಕ್ತ್, ಕೂಗುಕೆ ಆಯ್ಲಿಲ್ಲ" ಎಂದ. ಆಮೇಲೆ ನನ್ನ ಕಡೆ ತಿರುಗಿ, ಆ ಸ್ಥಿತಿಯಲ್ಲೂ ಸ್ವಲ್ಪ ನಕ್ಕ. "ಅಷ್ಟ್ ದೂರಕ್ಕೆ ಕೇಂಬುದುಂಟಾ? ನಂದೊಂದ್ ಹುಚ್ಚ್."

"ಹೌದ್ ಮಾರಾಯಾ" ಎಂದೆ. ದೇವರಾಣೆ, ಅಷ್ಟೇ ಹೇಳಿದ್ದು. ಆ ಹೇಡಿತನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮನೆಗೆ ಬಂದವನೇ ಇನ್ನೊಂದು ಮೇಲ್ ಬರೆದೆ. ನನ್ನ ಒಪ್ಪಿಗೆ ಹಿಂದೆ ತೆಗೆದುಕೊಂಡಿದ್ದೇನೆ, ಒಂದೇ ಸಲ ಕರೆದರೂ ಏಳಬೇಕು ಎಂದೆ. ಮರುದಿನ ಮರ್ಯಾದೆಯಿಂದಲೇ ಉತ್ತರ ಬಂತು: ಕಾರಣವೇನು, ಯಾವ ಯಂತ್ರದಲ್ಲಿ ತೊಂದರೆ ಕಂಡಿರಿ? ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಏನೂ ಕಳಿಸಲಿಲ್ಲ. ಬದಲಾವಣೆ ಸೇರಿತು. ಅದರಿಂದ ತೊಂದರೆಯಾಯಿತೆಂದು ಇಷ್ಟು ವರ್ಷದಲ್ಲಿ ಒಬ್ಬರೂ ದೂರಲಿಲ್ಲ. ನಾನು ಮಾತ್ರ ಮತ್ತೆ ಯಾರ ಬರಹವನ್ನೂ ಓದಲು ಒಪ್ಪಲಿಲ್ಲ.

ಮೂರು ಮೈಲಿ ದೂರದ ಕೂಗು ನನ್ನ ಕೋಣೆಯೊಳಗೆ ಕೇಳುವುದು ಹೇಗೆ? ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ, ನನಗೆ ತಿಳಿಯಲಿಲ್ಲ. ಬರೀ ನನ್ನ ಭ್ರಮೆ ಎಂದಾದರೆ ನನ್ನಷ್ಟು ಖುಷಿಪಡುವವರು ಇನ್ಯಾರೂ ಇರಲಿಕ್ಕಿಲ್ಲ. ಏಕೆಂದರೆ ಅವತ್ತು ಶಂಕರ ಹೇಳಿದ್ದರಲ್ಲಿ ಇನ್ನೊಂದು ಮಾತಿತ್ತು. ಅದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಅವನು ನನ್ನನ್ನು ಕೂಗಿದ ಮೇಲೆ ಅವನ ಅಣ್ಣ ಇನ್ನೂ ಅರ್ಧ ಗಂಟೆ ದೋಣಿ ಹಿಡಿದುಕೊಂಡೇ ಇದ್ದನಂತೆ.