ಅತ್ತಿಗೆ ಕೊಟ್ಟ ನೀರು

ಗುಳುಗುಳು, ಗುಳುಗುಳು. ಮಂಚದ ತಲೆಗಡೆ ಗೋಡೆಗೆ ಸಿಕ್ಕಿಸಿದ್ದ ಆಕ್ಸಿಜನ್ ಬಾಟಲಿಯೊಳಗೆ ನೀರು ಒಂದೇ ಸಮನೆ ಹಾಗೆ ಸದ್ದು ಮಾಡುತ್ತಿತ್ತು. ನಾನು ಒಂದು ಹನಿಯನ್ನೂ ಕುಡಿಯುವ ಹಾಗಿರಲಿಲ್ಲ. ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿದ್ದವಳ ಕಿವಿಯ ಪಕ್ಕದಲ್ಲೇ ನೀರು! ಹೌ ಕ್ರುಯೆಲ್ ಎಂದುಕೊಳ್ಳುತ್ತಿದ್ದೆ. ಇವತ್ತಿಗೂ ಅಕ್ವೇರಿಯಂ ಇರುವ ಮನೆಗೆ ಹೋದರೆ ನಾನು ದೂರದ ಕುರ್ಚಿ ಹುಡುಕುತ್ತೇನೆ.

ಆಸ್ಪತ್ರೆ ಸೇರಿದ ದಿನ ಬೆಳಿಗ್ಗೆ ದೋಸೆ ಮಗುಚುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕುಸಿದಿದ್ದೆ. ಸಾಗರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಸರ್ಜನ್, "ಕರುಳು ತಿರುಚಿಕೊಂಡಿದೆ. ಶಿವಮೊಗ್ಗಕ್ಕೆ ಹೋಗೋಷ್ಟು ಟೈಮ್ ಇಲ್ಲ" ಎಂದರು. ಮಧ್ಯಾಹ್ನದೊಳಗೆ ಹೊಟ್ಟೆ ಕೊಯ್ದು ಗೇಣುದ್ದ ಕರುಳು ತೆಗೆದು ಹೊಲಿದಿದ್ದರು. ಮಗಳು ತೀರ್ಥಹಳ್ಳಿಯಲ್ಲಿ ಕಾಲೇಜು ಲೆಕ್ಚರರ್. ಅವಳಿಗೆ ಎಕ್ಸಾಮ್ ಡ್ಯೂಟಿ, ರಜೆ ಸಿಕ್ಕಿರಲಿಲ್ಲ. ನನ್ನ ಜೊತೆಗಿರಲು ಬಂದವರು ಅತ್ತಿಗೆ, ನನ್ನ ಗಂಡನ ಅಕ್ಕ. ಫೋನ್ ಮಾಡಿದ ಮಾರನೆಯ ದಿನವೇ ಹೊಸನಗರದಿಂದ ಮೊದಲ ಬಸ್ಸಿಗೆ ಬಂದಿಳಿದಿದ್ದರು. ಎಪ್ಪತ್ತು ದಾಟಿದ ಜೀವ. ಗಂಡ ಹೋದ ಮೇಲೆ ಹಪ್ಪಳ ಒತ್ತಿ, ಅಂಗಡಿಗಳಿಗೆ ಕೊಟ್ಟು ಬದುಕಿದವರು.

ನಾನು ಬೆಳೆದದ್ದು ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ, ಓದಿದ್ದು ಸಿಸ್ಟರ್‌ಗಳ ಕಾನ್ವೆಂಟ್ ಬೋರ್ಡಿಂಗಿನಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತಿಗೆಯ ಆಡುಮಾತು ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಮೊದಲು ಅರ್ಥವಾದದ್ದು "ಆಸರಿಗೆ ಎಂತ ಬೇಕು?" ಎಂಬ ಮಾತು. ಬಾಯಾರಿಕೆಗೆ ಏನು ಕೊಡಲಿ ಅಂತ. ಅವರ ಕಡೆ ಯಾರೇ ಬಾಗಿಲಿಗೆ ಬರಲಿ, ಪೋಸ್ಟ್‌ಮ್ಯಾನ್ ಇರಲಿ, ಮೀಟರ್ ನೋಡುವವನಿರಲಿ, ಮೊದಲು ಈ ಪ್ರಶ್ನೆ. ಹೆಸರು ಊರು ಎಲ್ಲ ಆಮೇಲೆ.

ಅಂಥವರು ಮೂರು ದಿನ ನನ್ನೆದುರು ಸ್ಟೂಲಿನ ಮೇಲೆ ಕೂತು, ಹತ್ತಿಯನ್ನು ನೀರಿಗದ್ದಿ ನನ್ನ ತುಟಿಗೆ ಒತ್ತಿದರು. ನಾನು ಹತ್ತಿಯನ್ನು ಚೀಪಲು ನೋಡಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. "ಕುಡಿಯಲಾಗ ಮಾರಾಯ್ತಿ. ಡಾಕ್ಟ್ರು ಹೂಂ ಅನ್ಲಿ, ಕೊಡಪಾನವನ್ನೇ ತಂದು ಇಡ್ತೆ" ಎನ್ನುತ್ತಿದ್ದರು. ಅವರು ನನ್ನೆದುರಿಗೆ ನೀರು ಕುಡಿದದ್ದನ್ನು ನಾನು ನೋಡಲೇ ಇಲ್ಲ. ವರಾಂಡಕ್ಕೆ ಹೋಗಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡೇ ಒಳಗೆ ಬರುತ್ತಿದ್ದರು.

ಡಾಕ್ಟರ ಜೊತೆ ನಾನು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆ. ಹಳೆಯ ಅಭ್ಯಾಸ. ಅತ್ತಿಗೆಗೆ ಅದೇ ಹೆಮ್ಮೆ. ಪಕ್ಕದ ಮಂಚದವರಿಗೆ, "ನಮ್ಮ ತಮ್ಮನ ಹೆಂಡ್ತಿ. ಡಾಕ್ಟ್ರ ಹತ್ರ ಜಗಳ ಆಡೋದೂ ಇಂಗ್ಲೀಷಲ್ಲೇ" ಎಂದು ಹೇಳಿ ನಗಿಸಿದ್ದರು. ಡಾಕ್ಟರು ಹೋದ ಮೇಲೆ ಪ್ರತಿ ಸಲ ನನ್ನತ್ತ ಬಗ್ಗಿ, "ಎಂತ ಅಂದ್ರೇ?" ಎಂದು ಕೇಳುತ್ತಿದ್ದರು. ನಾನು ಹೇಳಿದ್ದೇ ಅವರಿಗೆ ಡಾಕ್ಟರ ಮಾತು.

ನಾಲ್ಕನೆಯ ಬೆಳಿಗ್ಗೆ, ಮೂಗಿನಿಂದ ಹೊಟ್ಟೆಗೆ ಇಳಿಸಿದ್ದ ಟ್ಯೂಬು ತೆಗೆದರು. ಡಾಕ್ಟರು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪಿಟ್ಟು ಬಹಳ ಹೊತ್ತು ಆಲಿಸಿ, ಕರುಳು ಇನ್ನೂ ಕೆಲಸ ಶುರು ಮಾಡಿಲ್ಲ, ನಾಳೆಯವರೆಗೆ ಬಾಯಿಗೆ ಏನೂ ಬೇಡ, ಒಂದು ಸಿಪ್ ಕೂಡ ಬೇಡ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು. ನಾನು ಎಸ್ ಡಾಕ್ಟರ್ ಎಂದೆ.

"ಎಂತ ಅಂದ್ರೇ?"

"ನೀರು ಕುಡಿಬಹುದಂತೆ" ಎಂದೆ.

ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. "ಖರೆನಾ?" ಎಂದು ಕೇಳಿದವರು ಉತ್ತರಕ್ಕೂ ಕಾಯದೆ ಫ್ಲಾಸ್ಕಿನ ನೀರನ್ನು ಲೋಟದಿಂದ ಲೋಟಕ್ಕೆ ಸುರಿದು ಆರಿಸಿ, ನನ್ನ ಕತ್ತಿನ ಹಿಂದೆ ಕೈಕೊಟ್ಟು ಎತ್ತಿ ಕುಡಿಸಿದರು. ಒಂದು ಲೋಟ. ನಾನೇ ಇನ್ನೊಂದು ಕೇಳಿದೆ.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಡೋಲಿನಂತೆ ಉಬ್ಬಿತು. ಆಮೇಲೆ ವಾಂತಿ, ತಡೆಯಲಾರದ ವಾಂತಿ. ಆ ರಭಸಕ್ಕೆ ಎರಡು ಹೊಲಿಗೆ ಬಿಚ್ಚಿದವು. ನರ್ಸುಗಳು ಓಡಿ ಬಂದರು. ಮತ್ತೆ ಮೂಗಿಗೆ ಟ್ಯೂಬು ಇಳಿಯಿತು. ವಾಂತಿ ಶ್ವಾಸಕೋಶಕ್ಕೆ ಇಳಿದಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಈ ಸಲ ಕನ್ನಡದಲ್ಲೇ ಕೂಗಾಡಿದರು. "ಯಾರ್ರೀ ನೀರು ಕೊಟ್ಟಿದ್ದು?"

"ನಾನೇ ಕೊಟ್ಟೆ ಡಾಕ್ಟ್ರೆ" ಎಂದರು ಅತ್ತಿಗೆ.

ಅಷ್ಟೇ ಹೇಳಿದರು. ಹೇಳಿ ನನ್ನ ಮುಖ ನೋಡಿದರು. ಗಂಟಲಲ್ಲಿ ಟ್ಯೂಬಿತ್ತು, ನಿಜ. ಆದರೆ ಕೈ ಎತ್ತಿ ನನ್ನ ಎದೆ ಮುಟ್ಟಿಕೊಳ್ಳಬಹುದಿತ್ತು, ನಾನು ಅಂತ. ಕಣ್ಣು ಮುಚ್ಚಿಕೊಂಡೆ. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸಿಗೆ ಪ್ರತಿ ವರ್ಷ ಪ್ರೈಜ್ ತೆಗೆದುಕೊಂಡವಳು ನಾನು.

ಕ್ಯಾರಿಯರ್ ಹಿಡಿದು ಬಂದ ನನ್ನ ಗಂಡ ವಿಷಯ ಕೇಳಿ, ಜೀವಮಾನದಲ್ಲಿ ಮೊದಲ ಬಾರಿ ಅಕ್ಕನ ಮೇಲೆ ದನಿ ಎತ್ತಿದರು. "ಬುದ್ಧಿ ಇಲ್ಯನೇ ನಿಂಗೆ? ಕೊಂದೇಬಿಡ್ತಿದ್ಯಲೇ!"

ಅತ್ತಿಗೆ ಮೆಲ್ಲಗೆ ಅಂದರು: "ಯಂಗೆ ಇಂಗ್ಲೀಷ್ ಬತ್ತಿಲ್ಲೆ ತಮಾ. ಎಂತದೋ ತಪ್ಪು ತಿಳ್ಕಂಡೆ ಕಾಣ್ತು."

ಇವಳೇ ಹೇಳಿದ್ದು ಅಂತ ಅವರು ಹೇಳಲಿಲ್ಲ. ನನ್ನನ್ನು ಉಳಿಸಲು ಹಾಗಂದರೋ, ನಿಜಕ್ಕೂ ತಮ್ಮದೇ ತಪ್ಪೆಂದು ನಂಬಿದ್ದರೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದು ಹೆಚ್ಚು ನೋಯುತ್ತದೆ ಎಂದೂ ಗೊತ್ತಿಲ್ಲ. ಅಂದು ಸಂಜೆ ಮಗಳು ರಜೆ ಹಾಕಿ ಓಡಿ ಬಂದಳು. ಅತ್ತಿಗೆ ತಮ್ಮ ಬಟ್ಟೆಯ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ಬಿಟ್ಟು ಬರುತ್ತೇನೆ ಎಂದು ಯಾರೂ ಏಳಲಿಲ್ಲ.

ಇನ್ನೂ ಎರಡು ವಾರ ಆಸ್ಪತ್ರೆಯಲ್ಲೇ ಇದ್ದೆ. ಟ್ಯೂಬು ತೆಗೆದರು, ಗಂಜಿ ಕೊಟ್ಟರು, ಮಗಳು ತೋಳು ಹಿಡಿದು ವರಾಂಡದಲ್ಲಿ ನಡೆಸಿದಳು. ನೋಡಲು ಬಂದ ನೆಂಟರಿಗೆಲ್ಲ ಅವಳು ಸೋದರತ್ತೆ ನೀರು ಕುಡಿಸಿದ ಕಥೆ ಹೇಳುತ್ತಿದ್ದಳು. ಅವರು ಅಯ್ಯೋ ಅನ್ನುತ್ತಿದ್ದರು. ಪ್ರತಿ ಸಲವೂ ಈಗ ಹೇಳಬೇಕು ಅಂದುಕೊಂಡೆ. ನಾಳೆ, ಸ್ವಲ್ಪ ಶಕ್ತಿ ಬರಲಿ, ಮನೆಗೆ ಹೋದ ಮೇಲೆ. ಎಕ್ಸ್‌ಕ್ಯೂಸ್‌ಗಳಿಗೇನು ಬರವೇ?

ಐದು ತಿಂಗಳ ಮೇಲೆ ನಾನೇ ಹಟ ಮಾಡಿ ಗಂಡನ ಜೊತೆ ಕಾರಿನಲ್ಲಿ ಹೊಸನಗರಕ್ಕೆ ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರು ಹೊಡೆದಿದ್ದೆ. ಅತ್ತಿಗೆ ಹಪ್ಪಳದ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ಸೊರಗಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಳದ್ದೆ ಮಾರಾಯ್ತಿ" ಎಂದರು. ಆಮೇಲೆ ನಾನು ಕಾದಿದ್ದ ಆಸರಿನ ಪ್ರಶ್ನೆಯನ್ನು ನನಗೆ ಕೇಳಲಿಲ್ಲ. ತಮ್ಮನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು:

"ತಮಾ, ಇವಳಿಗೆ ನೀರು ಕೊಡ್ಲಕ್ಕಾ?"

"ಎಂತ ಬೇಕಾದ್ರೂ ಕೊಡ್ಲಕ್ಕು" ಎಂದು ನನ್ನ ಗಂಡ ನಕ್ಕರು. ನನಗೆ ಉರು ಹೊಡೆದದ್ದೆಲ್ಲ ಮರೆತುಹೋಯಿತು. "ಅತ್ತಿಗೆ, ಅವತ್ತು ಡಾಕ್ಟರು..." ಎಂದು ಶುರು ಮಾಡಿದೆ.

"ಮೊದ್ಲು ಕುಡಿ" ಎಂದರು.

ಕುಡಿದೆ. ಮುಂದಿನ ಮಾತು ಬಾಯಿಗೆ ಬರಲಿಲ್ಲ, ಊಟದ ಹೊತ್ತಿಗೂ, ಹೊರಡುವಾಗಲೂ. ಮುಂದಿನ ಸಲ ಎಂದುಕೊಂಡೆ. ಮುಂದಿನ ಸಲ ಹೋದಾಗ ಅವರಿರಲಿಲ್ಲ, ಮಲಗಿದಲ್ಲೇ ಹೋಗಿಬಿಟ್ಟಿದ್ದರು. ಹಾಗಾಗಿ ಕೊನೆಯ ಸಲ ನೋಡಿದ್ದು ಎಂದರೆ ಅವತ್ತೇ: ಲೋಟ ನನ್ನ ತುಟಿಯಲ್ಲಿತ್ತು, ಅತ್ತಿಗೆ ಕಣ್ಣು ಮಿಟುಕಿಸದೆ ನನ್ನ ಗಂಟಲನ್ನೇ ನೋಡುತ್ತಿದ್ದರು, ಹಿಟ್ಟು ಮೆತ್ತಿದ ಅವರ ಎಡಗೈ ಬೊಗಸೆಯಂತೆ ನನ್ನ ಗಲ್ಲದ ಕೆಳಗೆ ಬಂದು ನಿಂತಿತ್ತು, ಎಲ್ಲಿ ವಾಂತಿಯಾಗುತ್ತದೋ ಎಂದು.